ಮಾಳಿಗೆಯಿಂದ ಚಾವಡಿಗೆ ಒಂದು ಕೇಬಲ್

ಮಾಳಿಗೆಯ ಕಂಪ್ಯೂಟರಿನಿಂದ ಚಾವಡಿಯ ಲ್ಯಾಪ್‌ಟಾಪಿಗೆ ಫೈಲ್ ಕಾಪಿ ಆಗುತ್ತಿರುವ ಆ ಪಟ್ಟಿ ನೋಡಿ. ಸೆಕೆಂಡಿಗೆ 11 ಎಂಬಿ ಚಿಲ್ಲರೆ. ಮೇಲೂ ಹೋಗುವುದಿಲ್ಲ, ಕೆಳಗೂ ಬರುವುದಿಲ್ಲ, ಅಲ್ಲೇ ಕೂತಿದೆ. ಈ 11 ನೆನಪಿಟ್ಟುಕೊಳ್ಳಿ.

ನಮಸ್ಕಾರ ಎಲ್ಲರಿಗೂ. ನಮ್ಮ ಮನೆ ಉಡುಪಿ ಹತ್ತಿರ ಕಲ್ಯಾಣಪುರದಲ್ಲಿ. ಹೊರಗೆ ಮಳೆ ಹೊಯ್ಯುತ್ತಿದೆ, ಹೆಂಚಿನ ಸದ್ದು ಮೈಕಿಗೆ ಬಂದರೆ ಸ್ವಲ್ಪ ಸಹಿಸಿಕೊಳ್ಳಿ. ಮೇ ಕೊನೆಗೆ ಬರುವ ಪತ್ತನಾಜೆ ಕಳೆಯಿತು, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿದವು. ಮಾವನ ಮನೆಯಲ್ಲಿ ಈ ಸಲ ಮಂದಾರ್ತಿ ಮೇಳದ ಹರಕೆ ಆಟ ಇತ್ತು. ವೇಷ ಕಟ್ಟುವ ಚೌಕಿಯಿಂದ ಹಿಡಿದು ಬೆಳಗಿನ ಮಂಗಳದವರೆಗೆ ಶೂಟ್ ಮಾಡಿದ್ದೇನೆ. ಎಲ್ಲ ಫೈಲ್ ಮಾಳಿಗೆಯ ಕಂಪ್ಯೂಟರಿನಲ್ಲಿ ಉಂಟು. ಎಡಿಟ್ ಮಾಡುವುದು ಕೆಳಗೆ ಚಾವಡಿಯಲ್ಲಿ, ಲ್ಯಾಪ್‌ಟಾಪಿನಲ್ಲಿ. ಮಳೆಗಾಲದಲ್ಲಿ ಮಾಳಿಗೆಯಲ್ಲಿ ಕೂತು ಕೆಲಸ ಮಾಡಲು ಆಗುವುದಿಲ್ಲ, ಅಷ್ಟು ಥಂಡಿ, ಅಷ್ಟು ಸದ್ದು.

ಮೇಲಿನದ್ದು ವಿಂಡೋಸ್ 11. ಕೆಳಗಿನದ್ದು ಹಳೆ ಲ್ಯಾಪ್‌ಟಾಪ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ ನಿಲ್ಲಿಸಿತು, ಇದರ ಪ್ರೊಸೆಸರಿಗೆ 11 ಹಿಡಿಸುವುದಿಲ್ಲ. ಚೆನ್ನಾಗಿ ಓಡುತ್ತಿದ್ದ ಯಂತ್ರವನ್ನು ಗುಜರಿಗೆ ಹಾಕುವುದು ನನಗೆ ಇಷ್ಟವಿಲ್ಲ. ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಹಾಕಿದೆ. ಈಗ ಮೊದಲಿಗಿಂತ ಚುರುಕು.

ಗೂಗಲ್ ಡ್ರೈವ್‌ಗೆ ಹಾಕಿ ಕೆಳಗೆ ಡೌನ್‌ಲೋಡ್ ಮಾಡಬಹುದಲ್ಲ ಎಂದು ತುಂಬಾ ಜನ ಕೇಳುತ್ತಾರೆ. ಬೇಡ. ಅದು ಚಾವಡಿಯಿಂದ ಅಡುಗೆಮನೆಗೆ ಮುಂಬಯಿ ಮಾರ್ಗವಾಗಿ ಹೋದ ಹಾಗೆ. ಎರಡೂ ಯಂತ್ರ ಒಂದೇ ಮನೆಯಲ್ಲಿವೆ, ಒಂದೇ ರೂಟರಿಗೆ ಸೇರಿವೆ. ಫೈಲ್ ಮನೆಯಿಂದ ಹೊರಗೆ ಹೋಗುವ ಅಗತ್ಯವೇ ಇಲ್ಲ.

ಇಲ್ಲಿ ಫೋಲ್ಡರ್ ಶೇರ್ ಮಾಡುತ್ತಿದ್ದೇನೆ, ಕಾಣುತ್ತಿದೆ ಅಲ್ವಾ, ಬಾಯಲ್ಲಿ ಹೇಳುವುದಿಲ್ಲ. ಒಂದೇ ಮಾತು. ನೆಟ್‌ವರ್ಕ್ ಪಬ್ಲಿಕ್ ಎಂದು ಇದ್ದರೆ ಅದನ್ನು ಪ್ರೈವೇಟ್ ಮಾಡಿ. ಪಬ್ಲಿಕ್ ಇದ್ದರೆ ವಿಂಡೋಸ್ ತನ್ನನ್ನು ಬೇರೆ ಯಂತ್ರಗಳಿಗೆ ತೋರಿಸಿಕೊಳ್ಳುವುದಿಲ್ಲ. ಬಸ್ ನಿಲ್ದಾಣದ ವೈಫೈಗೆ ಅದು ಸರಿ, ಮನೆಗೆ ಬೇಡ.

ಹೆಸರು. ಕಂಪ್ಯೂಟರಿಗೆ ಡೆಸ್ಕ್‌ಟಾಪ್ ಅಂತ ಶುರುವಾಗಿ ಎಂತೆಂತದೋ ಅಕ್ಷರ ಸೇರಿದ ಹೆಸರು ಇರುತ್ತದೆ. ಬದಲಾಯಿಸಿ. ನಾನು ಮೇಲಿನದ್ದಕ್ಕೆ ಮಾಳಿಗೆ ಎಂದು, ಕೆಳಗಿನದ್ದಕ್ಕೆ ಚಾವಡಿ ಎಂದು ಇಟ್ಟಿದ್ದೇನೆ. ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ, 15 ಅಕ್ಷರದ ಒಳಗೆ ಇರಲಿ. ಕರೆಂಟ್ ಹೋಗಿ ಬಂದಾಗ ರೂಟರ್ ಯಂತ್ರದ ವಿಳಾಸ, ಅಂದರೆ ಐಪಿ ನಂಬರ್, ಬೇರೆ ಕೊಡಬಹುದು. ಹೆಸರು ಹಾಗೇ ಇರುತ್ತದೆ. ಉಡುಪಿಯ ಮಳೆಗಾಲದಲ್ಲಿ ಕರೆಂಟ್ ಎಷ್ಟು ಸಲ ಹೋಗಿ ಬರುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಈಗ ಚಾವಡಿಯಿಂದ ಮಾಳಿಗೆಯನ್ನು ತೆರೆಯುವುದು. ಯೂಸರ್ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ದಿನಾ ಒಳಗೆ ಹೋಗಲು ಒತ್ತುವ ನಾಲ್ಕು ಅಂಕಿಯ ಪಿನ್ ಇಲ್ಲಿ ನಡೆಯುವುದಿಲ್ಲ. ಪಿನ್ ಹೊಡೆಯಿರಿ, ತಪ್ಪು ಅನ್ನುತ್ತದೆ. ಮತ್ತೆ ಹೊಡೆಯಿರಿ, ಮತ್ತೆ ತಪ್ಪು. ಇದೊಂದು ದೊಡ್ಡ ಕಿರಿಕಿರಿ, ಎಲ್ಲಿಯೂ ಸ್ಪಷ್ಟವಾಗಿ ಹೇಳುವುದಿಲ್ಲ. ಆದರೆ ಯೋಚನೆ ಮಾಡಿದರೆ, ಅದು ಸರಿಯೇ. ಪಿನ್ ಆ ಒಂದು ಯಂತ್ರದ ಒಳಗೆ ಮಾತ್ರ ನಡೆಯುವಂಥದ್ದು. ಅದು ನೆಟ್‌ವರ್ಕಿನಲ್ಲಿ ಓಡಾಡಬಾರದು. ಹಾಗಾಗಿ ನನ್ನ ಸಲಹೆ: ಮೇಲಿನ ಕಂಪ್ಯೂಟರಿನಲ್ಲಿ ಶೇರಿಗೆಂದೇ ಒಂದು ಬೇರೆ ಲೋಕಲ್ ಯೂಸರ್ ಮಾಡಿ, ಅದಕ್ಕೊಂದು ಗಟ್ಟಿ ಪಾಸ್‌ವರ್ಡ್ ಕೊಡಿ. ಖಾಲಿ ಪಾಸ್‌ವರ್ಡ್ ಬಿಟ್ಟರೆ ವಿಂಡೋಸ್ ನೆಟ್‌ವರ್ಕಿನಿಂದ ಒಳಗೆ ಬಿಡುವುದಿಲ್ಲ.

ಪಾಸ್‌ವರ್ಡೇ ಬೇಡ, ಫೈಲ್ ಶೇರ್ ಮಾಡುವ ಹಳೇ ವಿಧಾನವಾದ ಎಸ್‌ಎಂಬಿ1 ಆನ್ ಮಾಡಿ, ಎಲ್ಲ ಸರಿಯಾಗುತ್ತದೆ ಎಂದು ಹೇಳುವ ವಿಡಿಯೋಗಳು ತುಂಬಾ ಉಂಟು. ದಯವಿಟ್ಟು ಮಾಡಬೇಡಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಹುಳ, ಅಂದರೆ ತಾನೇ ಹರಡುವ ವೈರಸ್, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹಾರಿದ್ದು ಇದೇ ಎಸ್‌ಎಂಬಿ1ರ ತೂತಿನಿಂದ. ಬ್ರಿಟನ್ನಿನ ಹಲವು ಸರಕಾರಿ ಆಸ್ಪತ್ರೆಗಳು ತೊಂದರೆಗೆ ಸಿಕ್ಕಿದವು. ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪ್ಯಾಚ್ ಕೊಟ್ಟಿತ್ತು, ಹಾಕಿಕೊಳ್ಳದವರಿಗೆ ಹೊಡೆತ ಬಿತ್ತು. ಎಸ್‌ಎಂಬಿ1 ಮಾತ್ರ ಗೊತ್ತಿರುವ ಹಳೇ ಪ್ರಿಂಟರ್ ಸ್ಕ್ಯಾನ್ ಕಳಿಸುವುದಿಲ್ಲ ಎಂದು ಮನೆಯ ಬಾಗಿಲು ತೆಗೆದಿಡುವುದು ನ್ಯಾಯವಾ?

ಬಂತು. ಫೋಲ್ಡರ್ ತೆರೆಯಿತು. ವೇಷಗಳು ರಂಗಕ್ಕೆ ಬರುವ ಒಡ್ಡೋಲಗದ ಫೈಲ್ ಎಳೆದು ಚಾವಡಿಗೆ ಹಾಕಿದೆ. ಆಗ ಕಂಡದ್ದೇ ಆ 11.

ಸ್ವಲ್ಪ ಲೆಕ್ಕ ಹೇಳುತ್ತೇನೆ, ಓಡಿ ಹೋಗಬೇಡಿ. ನನ್ನ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ ರೆಕಾರ್ಡ್ ಮಾಡುತ್ತದೆ. ಎಂಟು ಬಿಟ್‌ಗೆ ಒಂದು ಬೈಟ್. ಅಂದರೆ ಸೆಕೆಂಡಿಗೆ 12.5 ಎಂಬಿ, ಗಂಟೆಗೆ 45 ಜಿಬಿ. ಈಗ ನನ್ನ ಕೇಬಲಿನಲ್ಲಿ ಹರಿಯುವುದೂ ಅಷ್ಟೇ, ಅದಕ್ಕಿಂತ ಒಂದು ಚೂರು ಕಮ್ಮಿ. ಒಂದು ಗಂಟೆಯ ಆಟ ಕೆಳಗೆ ಬರಲು ಒಂದು ಗಂಟೆಗಿಂತ ಜಾಸ್ತಿ ಬೇಕು. ಇಡೀ ರಾತ್ರಿಯ ಆಟಕ್ಕೆ ಇನ್ನೊಂದು ಇಡೀ ರಾತ್ರಿ. ಗಿಗಾಬಿಟ್, ಅಂದರೆ 1000 ಮೆಗಾಬಿಟ್, ಇದ್ದಿದ್ದರೆ ಅದೇ 45 ಜಿಬಿ ಏಳು ನಿಮಿಷದ ಕೆಲಸ.

ಎರಡೂ ಯಂತ್ರದಲ್ಲಿ ಗಿಗಾಬಿಟ್ ಪೋರ್ಟ್ ಉಂಟು. ನಡುವೆ ಕೇಬಲುಗಳನ್ನು ಸೇರಿಸುವ ಹೊಸ ಗಿಗಾಬಿಟ್ ಸ್ವಿಚ್ ಉಂಟು, 1,300 ರೂಪಾಯಿ ಕೊಟ್ಟದ್ದು. ಆದರೂ ವಿಂಡೋಸಿನ ಈಥರ್‌ನೆಟ್ ಪುಟದಲ್ಲಿ ಲಿಂಕ್ ಸ್ಪೀಡ್ 100 ಎಂದು ತೋರಿಸುತ್ತದೆ. ಅಂದ ಮೇಲೆ ಉಳಿದದ್ದು ಗೋಡೆಯಲ್ಲಿ ಓಡುವ ಕೇಬಲ್.

ಈ ಕೇಬಲಿನ ಬಗ್ಗೆ ನಾನು ಮಾತಾಡಲೇಬೇಕು. ಹೋದ ವರ್ಷ ಒಬ್ಬರು ಬಂದು ಹಾಕಿದ್ದು. ಮೀಟರಿಗೆ 22 ರೂಪಾಯಿ. ಮೇಲೆ ದೊಡ್ಡದಾಗಿ ಕ್ಯಾಟ್ 6 ಎಂದು ಅಚ್ಚು, ಅದು ನೆಟ್‌ವರ್ಕ್ ಕೇಬಲಿನ ಒಂದು ದರ್ಜೆ. ತುದಿ ಕತ್ತರಿಸಿ ನೋಡೋಣ, ಕ್ಯಾಮೆರಾ ಹತ್ತಿರ ತರುತ್ತೇನೆ. ಎಂಟು ತಂತಿ, ಎರಡೆರಡು ಹೆಣೆದು ನಾಲ್ಕು ಜೋಡಿ. ಬಣ್ಣ ತಾಮ್ರದ್ದೇ. ಈಗ ಬ್ಲೇಡಿನಿಂದ ಮೆಲ್ಲ ಕೆರೆಯುತ್ತೇನೆ. ಕಂಡಿತಾ? ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ! ಮೇಲೆ ತಾಮ್ರದ ಲೇಪ ಮಾತ್ರ. ನಾಲ್ಕು ಸಲ ಆಚೆ ಈಚೆ ಬಗ್ಗಿಸಿದರೆ ಟಕ್ ಎಂದು ಮುರಿಯುತ್ತದೆ, ನೋಡಿ. ಒಳ್ಳೆ ತಾಮ್ರ ಹೀಗೆ ಬೇಗ ಮುರಿಯುವುದಿಲ್ಲ.

ಸಿಸಿಎ ಎಂದು ಇದಕ್ಕೆ ಹೆಸರು. ಕ್ಯಾಟ್ 6 ಎಂದು ಕರೆಯಬೇಕಾದರೆ ಒಳಗಿನ ತಂತಿ ತಾಮ್ರವೇ ಆಗಿರಬೇಕು. ಇದಕ್ಕೆ ಕ್ಯಾಟ್ 6 ಎಂದು ಅಚ್ಚು ಹಾಕುವುದು ಸುಳ್ಳು, ಬೇರೆ ಮಾತೇ ಇಲ್ಲ. ನಮ್ಮದು ಸಮುದ್ರದ ಬದಿ. ಉಪ್ಪು ಗಾಳಿ, ನಾಲ್ಕು ತಿಂಗಳು ತೇವ. ಕಿಟಕಿಯ ಸರಳು ಹಿಡಿಯುವ ತುಕ್ಕು ನೋಡಿದವರಿಗೆ ಗೊತ್ತು. ತಾಮ್ರದ ಲೇಪ ಸ್ವಲ್ಪ ಸುಲಿದರೂ ಒಳಗಿನ ಅಲ್ಯೂಮಿನಿಯಂ ಬೇಗ ತಿಂದು ಹೋಗುತ್ತದೆ. ಈ ಕನೆಕ್ಟರಿನ ಒಳಗೆ ಬಿಳಿ ಪುಡಿ ಕಾಣುತ್ತದಲ್ಲ, ಅದೇ ಅದು.

ಹಾಗಾದರೆ ನೆಟ್ ಪೂರ್ತಿ ಯಾಕೆ ನಿಲ್ಲಲಿಲ್ಲ? ಅದೇ ಮೋಸದ ಜಾಗ. 100 ಮೆಗಾಬಿಟ್‌ಗೆ ಎರಡು ಜೋಡಿ ತಂತಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ನೀಲಿ ಜೋಡಿಯಲ್ಲೋ ಕಂದು ಜೋಡಿಯಲ್ಲೋ ಒಂದು ತಂತಿ ಹೋದರೆ ಸಾಕು, ಸ್ಪೀಡ್ 100ಕ್ಕೆ ಜಾರುತ್ತದೆ. ನೆಟ್ ಬರುತ್ತಿರುತ್ತದೆ, ಯೂಟ್ಯೂಬ್ ಓಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಮನೆಯ ಒಳಗೆ ದೊಡ್ಡ ಫೈಲ್ ಓಡಿಸಿದಾಗ ಮಾತ್ರ ಸಿಕ್ಕಿ ಬೀಳುತ್ತದೆ.

ಹಾಕಿದವರಿಗೆ ಫೋನ್ ಮಾಡಿದೆ. “ಅಣ್ಣ, ಇದು ತಾಮ್ರ ಅಲ್ಲವಲ್ಲ?” ಎಂದು ಕೇಳಿದೆ. “ನೆಟ್ ಬರ್ತದಲ್ಲ ಮಾರಾಯ್ರೆ, ಮತ್ತೆಂತ ಬೇಕು ನಿಮಗೆ?” ಎಂದರು. ನನಗೆ ನಿಜವಾಗಿಯೂ ಬೇಜಾರಾಯಿತು. ಮೀಟರಿಗೆ ಹದಿನಾರು ರೂಪಾಯಿ ಜಾಸ್ತಿ ಎಂದು ಮೊದಲೇ ಹೇಳಿದ್ದರೆ ಯಾರೂ ಬೇಡ ಎನ್ನುತ್ತಿರಲಿಲ್ಲ. ನಮ್ಮದು ಹಳೆ ಮನೆ, ಮುರಕಲ್ಲಿನ ಗೋಡೆ. ಒಂದು ಸಲ ತೂತು ಕೊರೆದು ಗಾರೆ ಹಾಕಿದ ಮೇಲೆ ಮತ್ತೆ ಅದೇ ಕೆಲಸ ಯಾರಿಗೆ ಬೇಕು? ಕೇಬಲಿನ ದುಡ್ಡಿಗಿಂತ ಗೋಡೆಯ ಕೆಲಸ ಜಾಸ್ತಿ. ಹಾಗಾಗಿ ಕೇಬಲ್ ಹಾಕಿಸುವ ಮೊದಲು ಒಂದು ತುಂಡು ಕೇಳಿ ತೆಗೆದುಕೊಂಡು ಕೆರೆದು ನೋಡಿ. ಅಂಗಡಿಯವರ ಎದುರಿಗೇ ನೋಡಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಮೀನಿನವರ ಹಾರ್ನ್ ಕೇಳಿತಾ? ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, ಮಲ್ಪೆ ಬಂದರು ತುಂಬಾ ನಿಂತ ಬೋಟುಗಳೇ. ಬಂಗುಡೆಗೆ ಈಗ ಹೇಳುವ ರೇಟು ಕೇಳಿದರೆ ಅಮ್ಮ ಗೇಟಿನಿಂದಲೇ ವಾಪಸ್ ಬರುತ್ತಾರೆ. ನಿಷೇಧ ಬೇಕು, ಅದು ಮೀನು ಮೊಟ್ಟೆ ಇಡುವ ಕಾಲ. ಆದರೂ ಎರಡು ತಿಂಗಳು ಬಂಗುಡೆ ಗಸಿ ಇಲ್ಲದೆ... ಆಯ್ತು, ಆಯ್ತು, ಈ ಶಾಟ್ ಮುಗಿಯಿತು.

ಹೊಸ ಕೇಬಲ್. ಉಡುಪಿಯ ಸಿಟಿ ಬಸ್ ನಿಲ್ದಾಣದ ಹತ್ತಿರದ ಅಂಗಡಿಯಿಂದ, ಪೂರ್ತಿ ತಾಮ್ರ, ಮೀಟರಿಗೆ 38. ಇಪ್ಪತ್ತೈದು ಮೀಟರಿಗೆ 950 ರೂಪಾಯಿ. ಕೈಯಲ್ಲಿ ಹಿಡಿದರೆ ತೂಕವೇ ಬೇರೆ. ಈ ಸಲ ಗೋಡೆಯ ಒಳಗೆ ಇಲ್ಲ, ಪೈಪಿನಲ್ಲಿ ಹೊರಗಡೆಯಿಂದ. ಚಂದ ಕಾಣುವುದಿಲ್ಲ ಎಂದು ಅಮ್ಮ ಹೇಳಿದರು. ನನಗೆ ಚಂದಕ್ಕಿಂತ ಮುಂದೆ ಬದಲಾಯಿಸಲು ಸುಲಭ ಆಗುವುದು ಮುಖ್ಯ.

ಕೇಬಲ್ ಯಾಕೆ, ವೈಫೈ ಸಾಲದಾ? ಈ ಗೋಡೆಗೆ ಸಾಲದು. ಮುರಕಲ್ಲು ಇಷ್ಟು ದಪ್ಪ ಇದ್ದರೆ 5 ಗಿಗಾಹರ್ಟ್ಸ್ ವೈಫೈ ದಾಟುವುದೇ ಕಷ್ಟ, 2.4ರದ್ದು ದಾಟುತ್ತದೆ, ಆದರೆ ನಿಧಾನ. ವೈಫೈಯಲ್ಲಿ ವಿಡಿಯೋ ಕಾಪಿ ಮಾಡುವುದು ದಂಡ. ಹಾಗೆಂದು ಎಲ್ಲರೂ ಗೋಡೆ ಕೊರೆಯಬೇಡಿ. ಫೋಟೋ, ಪಿಡಿಎಫ್, ಮಕ್ಕಳ ಪ್ರಾಜೆಕ್ಟ್ ಇಷ್ಟಕ್ಕೆ ವೈಫೈ ಧಾರಾಳ ಸಾಕು.

ಸಿಡಿಲಿನ ವಿಷಯ ಮರೆಯುವ ಮೊದಲು ಹೇಳುತ್ತೇನೆ. ಗುಡುಗು ಶುರುವಾದರೆ ನಾವೆಲ್ಲ ಪ್ಲಗ್ ಎಳೆಯುತ್ತೇವೆ, ಲ್ಯಾನ್ ಕೇಬಲ್ ಬಿಟ್ಟಿರುತ್ತೇವೆ. ಅದನ್ನೂ ಎಳೆಯಿರಿ, ಎರಡೂ ತುದಿಯಲ್ಲಿ. ಉದ್ದದ ತಂತಿಯಲ್ಲಿ ಏರುವ ವೋಲ್ಟೇಜ್ ಪೋರ್ಟನ್ನು ಸುಟ್ಟು ಬಿಡುತ್ತದೆ.

ಈಗ ನೋಡಿ. ಲಿಂಕ್ ಸ್ಪೀಡ್ 1000. ಅದೇ ಫೈಲ್, ಅದೇ ಫೋಲ್ಡರ್. ಸೆಕೆಂಡಿಗೆ 109, 111, 110. ಆಹಾ! ಚೆಂಡೆ ಪೆಟ್ಟು ಬಿದ್ದ ಹಾಗೆ ನನಗೆ ಖುಷಿ.

ಅಮ್ಮ ಬಂದು ಕೇಳಿದ್ದು ಕ್ಯಾಮೆರಾದಲ್ಲಿ ಸಿಕ್ಕಿದೆ. “ಇಷ್ಟೆಲ್ಲ ಕಾಪಿ ಮಾಡಿದರೆ ನೆಟ್ ಖಾಲಿ ಆಗುವುದಿಲ್ವಾ ಮಗಾ?” “ಇಲ್ಲ ಅಮ್ಮ, ಇದು ಮನೆಯೊಳಗೇ ಓಡುವುದು.” ನಂಬಲಿಲ್ಲ. ಹಾಗಾಗಿ ಗೋಡೆಯಿಂದ ಬರುವ ಫೈಬರ್ ಎಳೆದು ತೋರಿಸಿದೆ. ನೆಟ್ ಹೋಯಿತು, ಕಾಪಿ ನಿಲ್ಲಲಿಲ್ಲ. ಮರ ಬಿದ್ದು ಊರಿನ ನೆಟ್ ಎರಡು ದಿನ ಇಲ್ಲದಿದ್ದರೂ ಈ ಕೆಲಸ ನಡೆಯುತ್ತದೆ.

ಲಿನಕ್ಸ್ ಯಂತ್ರ ವಿಂಡೋಸಿನ ಜೊತೆ ಹೀಗೆ ಮಾತಾಡುವುದಕ್ಕೆ ಕಾರಣ ಸಾಂಬಾ ಎಂಬ ಸಾಫ್ಟ್‌ವೇರ್. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1992ರಲ್ಲಿ, ಕ್ಯಾನ್‌ಬೆರಾದಲ್ಲಿ ಓದುತ್ತಿದ್ದಾಗ ಅದರ ಮೊದಲ ರೂಪ ಹೊರಗೆ ಬಿಟ್ಟರು. ಪುಸ್ತಕ ನೋಡಿ ಮಾಡಿದ್ದಲ್ಲ. ತಂತಿಯಲ್ಲಿ ಹೋಗುವ ಪ್ಯಾಕೆಟ್ಟುಗಳನ್ನೇ ನೋಡಿ ನೋಡಿ, ಯಂತ್ರಗಳು ಏನು ಮಾತಾಡುತ್ತವೆ ಎಂದು ಅರ್ಥ ಮಾಡಿಕೊಂಡರು. ಫೈಲ್ ಕಾಪಿ ಮಾಡಲು ನಾನು ಇವತ್ತು ಬಳಸುವ ಆರ್‌ಸಿಂಕ್ ಕೂಡ ಅವರೇ ಪಾಲ್ ಮೆಕರಾಸ್ ಜೊತೆ ಮಾಡಿದ್ದು, 1996ರಲ್ಲಿ. ಕಾಪಿ ಅರ್ಧ ಆದಾಗ ಕರೆಂಟ್ ಹೋದರೆ, ಆಗಲೇ ಬಂದ ಫೈಲುಗಳನ್ನು ಬಿಟ್ಟು ಉಳಿದದ್ದನ್ನು ಮಾತ್ರ ತರುತ್ತದೆ. ಎರಡಕ್ಕೂ ಒಂದು ರೂಪಾಯಿ ಕೊಡಬೇಕಾಗಿಲ್ಲ. ಅಂಥವರಿಗೆ ನಾನು ಮನಸಾರೆ ಕೈ ಮುಗಿಯುತ್ತೇನೆ.

ಇನ್ನೊಂದು ಮುಖ್ಯ ವಿಷಯ, ಇದಕ್ಕೆ ಶಾಟ್ ಇಲ್ಲ, ಬರೀ ಸ್ವಿಚ್ಚಿನ ಲೈಟ್ ನೋಡುತ್ತಿರಿ. ಶೇರ್ ಆದ ಫೋಲ್ಡರಿನಿಂದ ಆಚೆ ಯಂತ್ರದಲ್ಲಿ ಕೂತು ಏನಾದರೂ ಡಿಲೀಟ್ ಮಾಡಿದರೆ ಅದು ಮಾಳಿಗೆಯ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ. ಹೋಯಿತೆಂದರೆ ಹೋಯಿತು. ಹಾಗಾಗಿ ಒರಿಜಿನಲ್ ಇರುವ ಫೋಲ್ಡರಿಗೆ ಓದುವ ಅನುಮತಿ ಮಾತ್ರ ಕೊಡಿ. ನಾನು ಹಾಗೇ ಮಾಡಿದ್ದೇನೆ. ಎಡಿಟ್ ಮುಗಿದದ್ದನ್ನು ವಾಪಸ್ ಹಾಕಲು ಬೇರೆ ಫೋಲ್ಡರ್. ಮತ್ತೆ ಕಂಪ್ಯೂಟರ್ ಸ್ಲೀಪ್‌ಗೆ ಹೋದರೆ ಶೇರ್ ಮಾಯ, ಅದನ್ನೂ ನೋಡಿಕೊಳ್ಳಿ.

ಪೆನ್ ಡ್ರೈವ್ ಪೂರ್ತಿ ಬಿಡಿ ಎಂದು ಹೇಳುವವನಿದ್ದೆ. ಈಗಷ್ಟೇ ಮಾವನ ಫೋನ್ ಬಂತು, ಅವರಿಗೆ ಟಿವಿಯಲ್ಲಿ ನೋಡಲು ಪೆನ್ ಡ್ರೈವಿನಲ್ಲೇ ಬೇಕಂತೆ. ಬೇಕು ಎಂದರೆ ಬೇಕು, ಮಾವ ಆಟ ಆಡಿಸಿದವರು. ಪೆನ್ ಡ್ರೈವ್ ಎಫ್‌ಎಟಿ32 ಎಂಬ ಹಳೇ ಫಾರ್ಮ್ಯಾಟಿನಲ್ಲಿ ಇದ್ದರೆ 4 ಜಿಬಿ ದಾಟಿದ ಫೈಲ್ ಅದರಲ್ಲಿ ಕೂರುವುದಿಲ್ಲ. ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಮಾಡಿ ಹಾಕುತ್ತೇನೆ, ಅವರ ಟಿವಿ ಅದನ್ನು ಓದದಿದ್ದರೆ ಪ್ರಸಂಗವನ್ನು ತುಂಡು ಮಾಡಿ ಕೊಡುತ್ತೇನೆ.

ಬ್ಯಾಟರಿ ಕೆಂಪು ತೋರಿಸುತ್ತಿದೆ. ಕುಂದಾಪುರ, ಕಾರ್ಕಳ, ಪುತ್ತೂರು ಕಡೆ ಪೂರ್ತಿ ತಾಮ್ರದ ಕೇಬಲ್ ಮೀಟರಿಗೆ ಎಷ್ಟು ಎಂದು ತಿಳಿಸಿ. ಕೆರೆದು ನೋಡಿ ತಿಳಿಸಿ.