ಕ್ಲಿಪ್ ಹಾಕಿಸಿಕೊಂಡ ಮೇಲೂ ದವಡೆ ಆಪರೇಷನ್ ಯಾಕೆ?

ಎಲ್ಲರಿಗೂ ನಮಸ್ಕಾರ. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಿದ್ದಾಯಿತು, ಆಮೇಲೆ ದವಡೆ ಆಪರೇಷನ್ ಯಾಕೆ? ಸರಸ್ವತಿಪುರಂನಲ್ಲಿ ನಮ್ಮ ಬೀದಿಯವರೆಲ್ಲ ಕೇಳಿದ ಪ್ರಶ್ನೆ ಇದು. ಇವತ್ತು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುತ್ತಾ ಅದನ್ನೇ ಹೇಳುತ್ತೇನೆ.

ನನ್ನ ಬಲಗಡೆ ದವಡೆ ಮೂಳೆ ಜಾಸ್ತಿ ಬೆಳೆದು ಗದ್ದ ಎಡಕ್ಕೆ ಸರಿದಿತ್ತು. ಡಾಕ್ಟರ್ ಒಂದು ಮರದ ಪಟ್ಟಿ ಕಚ್ಚಿಸಿ ಎದುರಿಗೆ ಕನ್ನಡಿ ಹಿಡಿದರು. ಪಟ್ಟಿ ಕಣ್ಣಿನ ಸಾಲಿಗೆ ಸಮ ಇರಲಿಲ್ಲ, ಬಲಗಡೆ ಇಳಿದಿತ್ತು. ಅಂದರೆ ಮೇಲಿನ ದವಡೆಯೂ ಓರೆ.

ಮೂಳೆ ಓರೆಯಾದಾಗ ಹಲ್ಲುಗಳು ಸುಮ್ನೆ ಇರುವುದಿಲ್ಲ. ಒಂದಕ್ಕೊಂದು ತಾಗುವ ಹಾಗೆ ತಾವೂ ವಾಲಿಕೊಳ್ಳುತ್ತವೆ, ಮೂಳೆಯ ಸೊಟ್ಟ ಅಷ್ಟರ ಮಟ್ಟಿಗೆ ಮುಚ್ಚಿಹೋಗುತ್ತದೆ. ಆ ಹಲ್ಲುಗಳನ್ನು ಅವುಗಳ ಮೂಳೆಯ ಮೇಲೆ ನೆಟ್ಟಗೆ ನಿಲ್ಲಿಸುವುದೇ ಕ್ಲಿಪ್ ಕೆಲಸ. ಆಗ ಮುಚ್ಚಿದ್ದೆಲ್ಲ ಹೊರಗೆ ಬರುತ್ತದೆ. ಮುಖ ಮೊದಲಿಗಿಂತ ಸೊಟ್ಟ ಕಾಣಬಹುದು, ಅಗಿಯುವುದೂ ಕಷ್ಟ. ಸಾಮಾನ್ಯವಾಗಿ ಈ ಹಂತಕ್ಕೇ 12ರಿಂದ 18 ತಿಂಗಳು ಹಿಡಿಯುತ್ತದೆ. "ದುಡ್ಡು ಕೊಟ್ಟು ಹಾಳು ಮಾಡಿಕೊಂಡಳು" ಅಂತ ಜನ ಅನ್ನುವುದು ಈ ಹೊತ್ತಿನಲ್ಲೇ. ದಯವಿಟ್ಟು ಯಾರಿಗೂ ಹಾಗೆ ಹೇಳಬೇಡಿ. ಹಲ್ಲು ನೆಟ್ಟಗಾಗದಿದ್ದರೆ ಸರ್ಜನ್‌ಗೆ ಮೂಳೆಯನ್ನು ಬೇಕಾದಷ್ಟು ಸರಿಸೋಕೆ ಆಗುವುದಿಲ್ಲ.

ಇನ್ನೊಂದು, ಬೆಳವಣಿಗೆ ನಿಂತಿರಬೇಕು. ಕಿವಿ ಮುಂದಿನ ಕೀಲಿನಲ್ಲಿ ಮೂಳೆ ಇನ್ನೂ ಬೆಳೆಯುತ್ತಿದ್ದರೆ, ಸರಿ ಮಾಡಿದ್ದು ಮತ್ತೆ ವಾಲಬಹುದು. ಅನುಮಾನ ಇದ್ದರೆ ಬೋನ್ ಸ್ಕ್ಯಾನ್ ಮಾಡಿಸುತ್ತಾರೆ.

ಸರ್ಜರಿ ಬಾಯಿ ಒಳಗಿಂದಲೇ ನಡೆಯಿತು, ಮುಖದ ಮೇಲೆ ಗಾಯದ ಗುರುತಿಲ್ಲ. ಎರಡೂ ದವಡೆ ಕತ್ತರಿಸಿ, ಸರಿಸಿ, ಟೈಟಾನಿಯಂ ಪ್ಲೇಟು, ಸ್ಕ್ರೂ ಹಾಕಿ ಕೂರಿಸಿದರು. ಕೆಳದವಡೆಯನ್ನು ಎರಡೂ ಬದಿ ಉದ್ದಕ್ಕೆ ಸೀಳುವ ಈ ವಿಧಾನವನ್ನು 1957ರಲ್ಲಿ ಟ್ರೌನರ್ ಮತ್ತು ಒಬ್ವೆಗೆಸರ್ ವಿವರಿಸಿದ್ದರು. ಆಮೇಲೆ ಬೇರೆಯವರು ಅದನ್ನು ತಿದ್ದಿ ಸುಧಾರಿಸಿದರು.

ಮನೆಗೆ ಬಂದ ಮೇಲೆ ಅಮ್ಮ ರಾಗಿ ಅಂಬಲಿ ಸೋಸಿ, ಸಿರಿಂಜಿಗೆ ತುಂಬಿ, ಕೆನ್ನೆ ಪಕ್ಕದಿಂದ ಬಿಡುತ್ತಿದ್ದರು. ಅಂಬಲಿ ಕೆಳತುಟಿ ಮೇಲೆ ಇಳಿದರೂ ನನಗೆ ಗೊತ್ತಾಗುತ್ತಿರಲಿಲ್ಲ, ಅವರೇ ಒರೆಸುತ್ತಿದ್ದರು. ತುಟಿಗೆ ಹೋಗುವ ನರ ಕೆಳದವಡೆ ಒಳಗೇ ಹಾದುಹೋಗುತ್ತದಲ್ವಾ, ಅದಕ್ಕೇ ಈ ಮರಗಟ್ಟುವಿಕೆ. ಹೆಚ್ಚಿನವರಿಗೆ ತಿಂಗಳುಗಳಲ್ಲಿ ಸ್ಪರ್ಶ ವಾಪಸ್ ಬರುತ್ತದೆ, ಕೆಲವರಿಗೆ ಸ್ವಲ್ಪ ಉಳಿದೇಬಿಡುತ್ತದೆ. ಸಹಿ ಹಾಕುವ ಮೊದಲೇ ಇದನ್ನು ಬಿಡಿಸಿ ಕೇಳಿಕೊಳ್ಳಿ.

ನನ್ನ ಕ್ಲಿಪ್ ಇನ್ನೂ ತೆಗೆದಿಲ್ಲ. ಸರ್ಜರಿ ಆದ ಮೇಲೂ ಕಚ್ಚುವಿಕೆ ಹೊಂದಿಸೋಕೆ ಸುಮಾರು 6ರಿಂದ 12 ತಿಂಗಳು ಬೇಕು. ಮುಂದಿನ ವಿಡಿಯೋದಲ್ಲಿ ಮೊದಲಿನ ಎಕ್ಸ್‌ರೇ, ಈಗಿನ ಎಕ್ಸ್‌ರೇ ಅಕ್ಕಪಕ್ಕ ಇಟ್ಟು ತೋರಿಸುತ್ತೇನೆ.