ವೈನ್ ಸ್ಲೋ ಅನ್ನೋಕಿಂತ ಮುಂಚೆ ಡ್ರೈವರ್ ನೋಡ್ರಿ

ನಮಸ್ಕಾರ್ರಿ. ಇವತ್ತಿನ ಮಾತು ವೈನ್, ಅಂದ್ರ ಲಿನಕ್ಸ್‌ನ್ಯಾಗ ವಿಂಡೋಸ್ ಪ್ರೋಗ್ರಾಮ್ ಓಡಿಸೋ ಸಾಫ್ಟ್‌ವೇರ್. ಹೋದ ವಿಡಿಯೋಕ್ಕ ಸಿಂಧನೂರಿಂದ ಒಬ್ಬರು ಕಾಮೆಂಟ್ ಹಾಕ್ಯಾರ: "ಅಣ್ಣ, ಲಿನಕ್ಸ್‌ನ್ಯಾಗ ವಿಂಡೋಸ್ ಗೇಮ್ ಹಾಕಿದ್ರ ಅರ್ಧ ಸ್ಪೀಡ್ ಹೋತಂತ್ಲೇ ಲೆಕ್ಕ. ವೈನ್ ಎಮ್ಯುಲೇಟರ್ ಅಲ್ಲೇನ್ರಿ?" ಅದಕ್ಕ ಲೈಕ್ ಮ್ಯಾಲೆ ಲೈಕ್!

ಅಲ್ರಿ. ಎಮ್ಯುಲೇಟರ್ ಅಂದ್ರ ಬ್ಯಾರೆ ಮಷೀನಿನ ನಕಲು ಮಾಡೋದು. ಇಲ್ಲಿ ಹಂಗಲ್ಲ, ಇಂಟೆಲ್, ಎಎಮ್‌ಡಿ ಪಿಸಿಯಾಗ ಗೇಮಿನ ಕೋಡ್ ನೇರ ಪ್ರೊಸೆಸರ್ ಮ್ಯಾಲೇ ಓಡತೈತಿ. ಫೈಲ್ ತೆಗಿ, ವಿಂಡೋ ತೋರಿಸು ಅಂತ ಗೇಮ್ ಕೇಳೋದನ್ನಷ್ಟ ವೈನ್ ಲಿನಕ್ಸ್‌ಗೆ ದಾಟಿಸ್ತೈತಿ. ಬಳ್ಳಾರಿ ಮಾರ್ಕೆಟ್‌ನ್ಯಾಗ ಗಿರಾಕಿ ತೆಲುಗಿನ್ಯಾಗ ಕೇಳಿದ್ದನ್ನ ಅಂಗಡಿಯವರು ಒಳಗ ಕನ್ನಡದಾಗ ಕೂಗ್ತಾರಲ್ಲ, ಅಷ್ಟ ಕೆಲಸ. ಚಿತ್ರ ಬಿಡಿಸಾಕ ವಿಂಡೋಸ್ ಗೇಮ್ ಡೈರೆಕ್ಟ್‌ಎಕ್ಸ್ ಭಾಷೆಯಾಗ ಕೇಳತಾವ, ಲಿನಕ್ಸ್‌ನ್ಯಾಗ ಅದರ ಬದ್ಲಿ ವಲ್ಕನ್ ಐತಿ. ಡೈರೆಕ್ಟ್‌ಎಕ್ಸ್ 9ರಿಂದ 11ರ ತನಕ ಡಿಎಕ್ಸ್‌ವಿಕೆ ಅನ್ನೋ ಸಾಫ್ಟ್‌ವೇರ್ ವಲ್ಕನ್‌ಗೆ ತಿರುಗಿಸ್ತೈತಿ, 12ಕ್ಕ ವಿಕೆಡಿ3ಡಿ-ಪ್ರೋಟಾನ್ ಐತಿ. ಗ್ರಾಫಿಕ್ಸ್ ಕಾರ್ಡ್ ನಡೆಸೋ ಆ ವಲ್ಕನ್ ಡ್ರೈವರೇ ಸರಿ ಇಲ್ಲಂದ್ರ ವೈನ್ ಏನ್ ಮಾಡ್ಬೇಕು?

ಟರ್ಮಿನಲ್ ತೆಗೀರಿ, ಹಿಂಗ ಟೈಪ್ ಮಾಡ್ರಿ: ವಲ್ಕನ್‌ಇನ್ಫೋ, ಒಂದು ಸ್ಪೇಸ್, ಎರಡು ಡ್ಯಾಶ್, ಸಮ್ಮರಿ. ಡಿವೈಸ್ ನೇಮ್ ಸಾಲಿನ್ಯಾಗ ಎಲ್‌ಎಲ್‌ವಿಎಮ್‌ಪೈಪ್ ಒಂದ ಕಂಡ್ರ, ನಿಮ್ಮ ಗ್ರಾಫಿಕ್ಸ್ ಕಾರ್ಡ್ ಸುಮ್ನ ಕುಂತೈತಿ, ಚಿತ್ರ ಪೂರಾ ಪ್ರೊಸೆಸರೇ ಬಿಡಿಸಕತ್ತೈತಿ. ಕಾರ್ಡ್ ಹೆಸರು ಬಂದ್ರೂ ಅಲ್ಲಿಗೇ ಬಿಡಬ್ಯಾಡ್ರಿ. ಹಳೇ ಗೇಮ್ ಭಾಳ 32 ಬಿಟ್. 32 ಬಿಟ್ ಗೇಮನ್ನ 64 ಬಿಟ್ ಲೈಬ್ರರಿ ಮ್ಯಾಲೇ ಓಡಿಸೋ ಹೊಸ ವಾವ್64 ರೀತಿಯಾಗ ನಿಮ್ಮ ವೈನ್ ಬಿಲ್ಡ್ ಆಗಿಲ್ಲಂದ್ರ ಅದಕ್ಕ 32 ಬಿಟ್ ವಲ್ಕನ್ ಲೈಬ್ರರಿನೇ ಬೇಕು. ಇಂಟೆಲ್, ಎಎಮ್‌ಡಿ ಗ್ರಾಫಿಕ್ಸ್ ಇರೋರು ಉಬುಂಟುವಿನ್ಯಾಗ ಐ386, ಅಂದ್ರ 32 ಬಿಟ್, ಸೇರಿಸಿ ಮೆಸಾ-ವಲ್ಕನ್-ಡ್ರೈವರ್ಸ್‌ನ ಐ386 ಪ್ಯಾಕೇಜ್ ಹಾಕ್ಕೊಳ್ರಿ. ಕಮಾಂಡ್ ಎಲ್ಲ ಡಿಸ್ಕ್ರಿಪ್ಷನ್‌ನ್ಯಾಗ ಐತಿ.

ಜಿಟಿ 710 ಇಟ್ಕೊಂಡೋರು ಕಿವಿಗೊಟ್ಟು ಕೇಳ್ರಿ. ಆ ಕಾರ್ಡಿಗೆ ಎನ್ವಿಡಿಯಾದ ಕಡೀ ಡ್ರೈವರ್ ಸಾಲು 470. ಅದು ವಲ್ಕನ್ 1.2ಕ್ಕೇ ನಿಲ್ತೈತಿ. ಡಿಎಕ್ಸ್‌ವಿಕೆ 2.0 ಕೇಳೋದು 1.3! ವೈನ್ ಗೇಮ್ ನಡೆಸೋ ಲುಟ್ರಿಸ್ ಆ್ಯಪ್‌ನ್ಯಾಗ ಗೇಮ್ ಮ್ಯಾಲೆ ರೈಟ್ ಕ್ಲಿಕ್, ಕಾನ್ಫಿಗರ್, ರನ್ನರ್ ಆಪ್ಷನ್ಸ್, ಡಿಎಕ್ಸ್‌ವಿಕೆ ವರ್ಷನ್ ಹಳೇದು 1.10.3 ಮಾಡ್ರಿ. ಇದನ್ನ ಮಾಡದೇ ವೈನ್ ಬೈಯೋದು ನ್ಯಾಯ ಏನ್ರಿ? ಡ್ರೈವರ್ ನೋಡ್ರಿ ಅಂದ್ರ ಡ್ರೈವರ್ ನೋಡ್ರಿ.

"ಶುರುವಿಗೇ ಜರ್ಕ್ ಹೊಡಿತೈತಿ" ಅಂತೀರಿ. ಶೇಡರ್, ಅಂದ್ರ ಚಿತ್ರ ಬಿಡಿಸೋ ಸಣ್ಣ ಪ್ರೋಗ್ರಾಮ್‌ಗಳು, ಮೊದಲನೇ ಸಲ ಕಂಪೈಲ್ ಆಗಕತ್ತಿರತಾವ. ಕ್ಯಾಶ್ ಆದಮ್ಯಾಲೆ ಅದೇ ಜಾಗಕ್ಕ ಹೋಗಿ ನೋಡ್ರಿ. ಇನ್ನ ಕೆಲವರು "ಥ್ರೆಡ್‌ಗಳು ಒಂದಕ್ಕೊಂದು ಕಾಯೋದ್ರಾಗ ಸ್ಪೀಡ್ ಹೋಗತೈತಿ" ಅಂತಾರ. ಹೌದು, ಥ್ರೆಡ್ ಅಂದ್ರ ಗೇಮಿನೊಳಗ ಒಟ್ಟಿಗೆ ಓಡೋ ಕೆಲಸಗಳು, ಅವು ಮೊದ್ಲು ಪ್ರತಿ ಸಲ ವೈನ್‌ಸರ್ವರ್ ಅನ್ನೋ ಬ್ಯಾರೆ ಪ್ರೋಗ್ರಾಮಿನ ಬಾಗಿಲು ತಟ್ಟಬೇಕಿತ್ತು. ಅದಕ್ಕಂತ್ಲೇ 2025ರಾಗ ಲಿನಕ್ಸ್ ಕರ್ನಲ್ 6.14ಕ್ಕ, ಆ ಕೆಲಸ ಕರ್ನಲ್‌ನ್ಯಾಗೇ ಮುಗಿಸೋ ಎನ್‌ಟಿಸಿಂಕ್ ಬಂತು. ಕರ್ನಲ್, ವೈನ್ ಎರಡೂ ಅದನ್ನ ಬಳಸೋ ಹೊಸವಾಗಿದ್ರ ಮುಗೀತು ಆ ವಾದ.

ಮತ್ತ "ಯುಎಸ್‌ಬಿ ಡಾಂಗಲ್ ಸಾಫ್ಟ್‌ವೇರ್ ನಡಿಯಂಗಿಲ್ಲ, ವ್ಯಾಲರಂಟ್ ಗೇಮ್ ನಡಿಯಂಗಿಲ್ಲ" ಅಂತ ಬರ್ತೀರಿ. ವಿಂಡೋಸ್‌ನ ಹಾರ್ಡ್‌ವೇರ್ ಡ್ರೈವರ್ ವೈನ್ ಎತ್ತಂಗಿಲ್ಲ, ಆಟದಾಗ ಮೋಸ ಹಿಡಿಯೋ ವ್ಯಾಲರಂಟ್‌ನ ಆಂಟಿಚೀಟ್ ವಿಂಡೋಸ್ ಕರ್ನಲ್‌ನೇ ಬೇಡ್ತೈತಿ. ನಡಿಯದು ಬ್ಯಾರೆ, ಸ್ಲೋ ಬ್ಯಾರೆ. ಎರಡನ್ನೂ ಒಂದ ಗಂಟಿಗೆ ಕಟ್ಟಬ್ಯಾಡ್ರಿ!

8 ಜಿಬಿ ರ್‍ಯಾಮಿನ್ಯಾಗ ವರ್ಚುವಲ್‌ಬಾಕ್ಸ್‌ಗೆ 4 ಜಿಬಿ ಕೊಟ್ಟು, ಇಡೀ ವಿಂಡೋಸ್ ಒಳಗ ಬೂಟ್ ಮಾಡಿ, ಅದರ ತಪ್ಪನ್ನೂ ವೈನ್ ತಲಿಗೇ ಕಟ್ತೀರಿ. ಡ್ರೈವರ್ ನೋಡಿದ್ರೇನ್ರಿ ಮೊದ್ಲು? ನೋಡಿಲ್ಲ! ಕಾಮೆಂಟ್ ಮಾತ್ರ ರೆಡಿ!

ಸಬ್‌ಸ್ಕ್ರೈಬ್ ಮಾಡಿ ಬೆಲ್ ಒತ್ತ್ರಿ. ಆ ವಲ್ಕನ್‌ಇನ್ಫೋ ಕಮಾಂಡ್ ತೋರಿಸಿದ್ದರ ಫೋಟೋ ನಮ್ಮ ಟೆಲಿಗ್ರಾಂ ಗ್ರೂಪಿಗೆ ಹಾಕ್ರಿ, ಕಾರ್ಡ್ ಹೆಸರು, ಡ್ರೈವರ್ ವರ್ಷನ್ ಎರಡೂ ಕಾಣಂಗ.