ಸಂಕೋಚದ ಮಗುವೂ ಹನ್ನೆರಡು ಅಡಿ ದೂರದ ಮೊಲವೂ

ನಮಸ್ಕಾರ. ದಸರಾ ಬಂತು, ಗೊಂಬೆ ನೋಡೋಕೆ ಮಕ್ಕಳನ್ನ ಕರಕೊಂಡು ಹೊರಡ್ತೀರಿ. ಹೋದ ಮನೇಲಿ ಯಾರಾದರೂ ಕೇಳೇ ಕೇಳ್ತಾರೆ: 'ಪುಟ್ಟೀ, ಒಂದು ಹಾಡು ಹೇಳಮ್ಮ.' ಮಗು ಅಮ್ಮನ ಸೆರಗಲ್ಲಿ ಮುಖ ಮುಚ್ಚಿಕೊಳ್ಳುತ್ತೆ. ಆಗ ನೀವು 'ಮನೇಲಿ ಅಷ್ಟು ಚೆನ್ನಾಗಿ ಹೇಳ್ತೀಯಲ್ಲ' ಅಂತ ಮುಂದಕ್ಕೆ ನೂಕ್ತೀರಿ. ಇಲ್ಲವೇ 'ಇವಳಿಗೆ ನಾಚಿಕೆ ಜಾಸ್ತಿ' ಅಂತ ನೀವೇ ಮಾತು ಮುಗಿಸ್ತೀರಿ. ಎರಡೂ ತಪ್ಪು. ನೂಕಿದರೆ ಭಯ ಗಟ್ಟಿಯಾಗುತ್ತೆ. ಬಿಡಿಸಿದರೆ ಮಗುವಿಗೆ ಆ ಕ್ಷಣ ಹಾಯೆನಿಸುತ್ತೆ, ಮುಂದಿನ ಸಲ ಇನ್ನೂ ಬೇಗ ಸೆರಗು ಹಿಡಿಯುತ್ತೆ. ನೂಕಬೇಡಿ, ಬಿಡಿಸಬೇಡಿ. ಒಂದು ಅಡಿ ಹತ್ತಿರ ಹೋಗೋಕೆ ಬಿಡಿ.

ಅಡಿ ಅಂದದ್ದು ಸುಮ್ಮನೆ ಅಲ್ಲ. 1924ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಒಬ್ಬ ಹುಡುಗನ ವಿಷಯ ಬರೆದರು. ಪೀಟರ್ ಅಂತ ಹೆಸರು, ಸುಮಾರು ಮೂರು ವರ್ಷ. ಮೊಲ ಕಂಡರೆ ಅಳು. ತುಪ್ಪಳದ ಕೋಟು, ಹತ್ತಿ, ಗರಿ, ಇವಕ್ಕೂ ಹೆದರಿಕೆ. ಜೋನ್ಸ್ ಉಪದೇಶ ಮಾಡಲಿಲ್ಲ. ಮೊಲಕ್ಕೆ ಹೆದರದ ಮೂವರು ಮಕ್ಕಳ ಜೊತೆ ಆಡೋಕೆ ಬಿಟ್ಟರು. ಪಂಜರದ ಮೊಲ ಹನ್ನೆರಡು ಅಡಿ ದೂರದಲ್ಲಿದ್ದರೆ ಸಹಿಸಿದ. ಆಮೇಲೆ ನಾಲ್ಕು ಅಡಿ, ಮೂರು ಅಡಿ, ಪಕ್ಕದಲ್ಲೇ. ಅಷ್ಟರಲ್ಲಿ ಜ್ವರ ಬಂದು ಆಸ್ಪತ್ರೆ ಸೇರಿದ. ವಾಪಸ್ ಬರುವಾಗ ದೊಡ್ಡ ನಾಯಿಯೊಂದು ಮೈಮೇಲೆ ಹಾರಿತು. ಕಲಿತದ್ದೆಲ್ಲ ಹೋಯ್ತು! ಜೋನ್ಸ್ ಮತ್ತೆ ಮೊದಲಿಂದ ಹಿಡಿದರು. ಈ ಸಲ ಅವನು ಇಷ್ಟದ ತಿಂಡಿ ತಿನ್ನುವಾಗ, ತಿನ್ನೋದು ನಿಲ್ಲದಷ್ಟೇ ಹತ್ತಿರಕ್ಕೆ ಪಂಜರ ತಂದರು. ಕೊನೆಗೆ ಮೊಲ ಬೆರಳನ್ನ ಮೆಲ್ಲಗೆ ಕಚ್ಚುತ್ತಿದ್ದರೂ ಪೀಟರ್ ಕೈ ಎಳಕೊಳ್ಳಲಿಲ್ಲ. ನೀವು ಕೇಳ್ತಿರೋ ಈ ಮೈಸೂರು ಆಕಾಶವಾಣಿಯನ್ನ 1935ರಲ್ಲಿ ತಮ್ಮ ಮನೇಲೇ ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿಯವರೂ ಮನಶ್ಶಾಸ್ತ್ರದ ಮೇಷ್ಟ್ರೇ. ಹಾಗಾಗಿ ಮೊಲದ ಕಥೆ ಉದ್ದವಾದರೆ ಇಲ್ಲಿ ಕ್ಷಮೆ ಸಿಗಬಹುದು.

ಹೀಗೆ ಒಂದೊಂದೇ ಮೆಟ್ಟಿಲು ಹತ್ತಿಸೋಕೆ ನಮ್ಮ ಕಡೆ ಏಣಿ ಸಿದ್ಧವಾಗಿದೆ. ಮಕ್ಕಳು ಗುಂಪಾಗಿ 'ಗೊಂಬೆ ಕೂರ್ಸಿದ್ದೀರಾ?' ಅಂತ ಕೇಳಿಕೊಂಡು ಮನೆಮನೆಗೆ ಹೋಗ್ತಾರಲ್ಲ, ಅದೇ. ಗುಂಪು ಬೇಡ, ಪರಿಚಯದ ಒಬ್ಬ ಗೆಳತಿ ಸಾಕು. ಮೊದಲ ದಿನ ಗೆಳತಿ ಕೇಳಲಿ, ನಿಮ್ಮ ಮಗು ಚೀಲ ಹಿಡಿದು ಗೇಟಿನ ಹತ್ತಿರ ನಿಲ್ಲಲಿ. ಮರುದಿನ ಇಬ್ಬರೂ ಒಟ್ಟಿಗೆ ಕೇಳಲಿ. ಮೂರನೆಯದು, ಗೊತ್ತಿರೋ ಮನೇಲಿ ಇವಳೊಬ್ಬಳೇ ಕೇಳಲಿ. ಗೊತ್ತಿಲ್ಲದ ಮನೆ ಕೊನೆಗೆ. ಒಂದು ಮೆಟ್ಟಿಲು ಸಲೀಸಾಗೋ ತನಕ ಎರಡು ಮೂರು ಸಲ ಅಲ್ಲೇ ಇರಿ. ಜ್ವರವೋ ಜಗಳವೋ ಆಗಿ ಹಿಂದೆ ಸರಿದರೆ, ಒಂದು ಮೆಟ್ಟಿಲು ಇಳಿದು ಮತ್ತೆ ಹತ್ತಿಸಿ. ಗಾಬರಿ ಬೇಡ, ಪೀಟರ್‌ನ ನಾಯಿ ನೆನಪಿರಲಿ.

ನೀವು ಎರಡು ಹೆಜ್ಜೆ ಹಿಂದಿರಿ. ಯಾರಾದರೂ ಏನಾದರೂ ಕೇಳಿದರೆ ಮನಸ್ಸಲ್ಲೇ ಐದು ಎಣಿಸಿ. ಐದೂ ಎಣಿಸಿ! ಮೂರಕ್ಕೇ ಬಾಯಿ ಹಾಕೋರೇ ಜಾಸ್ತಿ. ಮನೆಯವರು 'ಬೇಕಾ?' ಅಂದರೆ ತಲೆಯಾಡಿಸಿದರೆ ಮುಗೀತು. 'ಚಕ್ಕುಲಿ ಬೇಕಾ, ಕೊಬ್ಬರಿ ಮಿಠಾಯಿ ಬೇಕಾ?' ಅಂತ ಕೇಳೋಕೆ ಅವರಿಗೆ ಮೊದಲೇ ಹೇಳಿಡಿ. ಉತ್ತರಕ್ಕೆ ಒಂದು ಪದವಾದರೂ ಬೇಕಾಗುತ್ತೆ.

ಮನೆಗೆ ಗೆಳೆಯರನ್ನ ಕರೆಯೋದಾದರೆ ಒಬ್ಬರನ್ನ, ಒಂದು ಗಂಟೆ. ಚೌಕಾಬಾರ ಹಾಕಿಕೊಡಿ. ಕವಡೆ ಎಣಿಸೋ ನೆಪದಲ್ಲಿ ಮಾತು ತಾನಾಗಿ ಬರುತ್ತೆ, ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲ. ಆಟ ಇನ್ನೂ ರುಚಿಯಾಗಿರುವಾಗಲೇ ನಿಲ್ಲಿಸಿ.

ಸಮಯ ಮುಗೀತಾ ಬಂತಂತೆ. ಶಾಲೆಗೆ ಹತ್ತು ನಿಮಿಷ ಮೊದಲೇ ಬಿಡಿ. ತುಂಬಿದ ಕ್ಲಾಸಿಗೆ ಕಾಲಿಡೋದಕ್ಕಿಂತ, ತಾನು ಕೂತಿರುವಾಗ ಉಳಿದವರು ಒಬ್ಬೊಬ್ಬರೇ ಬರೋದು ಮಗುವಿಗೆ ಸುಲಭ. ಮನೇಲಿ ಮಾತಾಡಿ ಶಾಲೇಲಿ ತಿಂಗಳುಗಟ್ಟಲೆ ತುಟಿ ಬಿಚ್ಚದಿದ್ದರೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕೇಳಿಸೋದರಲ್ಲೋ ಉಚ್ಚಾರದಲ್ಲೋ ಅನುಮಾನವಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಇವತ್ತು ಸಂಜೆ ಗೊಂಬೆಗೆ ಹೊರಟಾಗ ಹಾಡಿನ ಮಾತು ಎತ್ತಬೇಡಿ. ಚೀಲ ಮಗುವಿನ ಕೈಗೆ ಕೊಡಿ, ನೀವು ಎರಡು ಹೆಜ್ಜೆ ಹಿಂದೆ ಬನ್ನಿ. ನಮಸ್ಕಾರ.